ಭಾವನ ಕೈ ಚುಚ್ಚಿದ ಮೀನು

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿಟ್ಟಿದ್ದ ಪ್ಲಾಸ್ಟಿಕ್ ಚೀಲವೊಂದು ತನ್ನಷ್ಟಕ್ಕೆ ತಾನೇ ಸರಿದಾಡತೊಡಗಿತು. ಚಿತ್ರದುರ್ಗದಲ್ಲಿ ಸಂಸಾರ ಹೂಡಿ ಇಷ್ಟು ವರ್ಷವಾದರೂ ನಮ್ಮ ಮನೆಯ ಚೀಲಗಳು ಹಾಗೆ ನಡೆದಾಡಿದ್ದಿಲ್ಲ. ಅದನ್ನು ತಂದಿಟ್ಟ ನಮ್ಮ ಯಜಮಾನರು ಬಾಗಿಲಿಗೆ ಒರಗಿ, ಒಂದು ಕಾಲು ಹೊರಗಿಟ್ಟುಕೊಂಡು, "ಜೀವಂತ ಐತೆ ಅಂದ್ರು, ತಗಂಡ್ಬಂದೆ. ಮೀಸೆ ಇರೋ ಮೀನು ವಿಷ ಅಂತಾರಲ್ಲ, ನಿಜಾನಾ?" ಎಂದರು.

"ತರೋಕೆ ಮುಂಚೆ ಕೇಳ್ಬೇಕಾಗಿತ್ತು" ಎಂದೆ.

ಚೀಲದ ಬಾಯಿ ಬಿಚ್ಚಿ ನೋಡಿದೆ. ಕೆಸರಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ಕಂದುಗಪ್ಪು ಮೈಯ, ಚಪ್ಪಟೆ ತಲೆಯ ಮುರುಗೋಡು ಮೀನು ತನ್ನ ಮೀಸೆಗಳನ್ನು ತಿರುವುತ್ತ ಮಲಗಿತ್ತು. ನಾನೇನೂ ಮೀನಿನ ಪಂಡಿತೆಯಲ್ಲ. ಪೇಟೆಗೆ ಬಂದ ಮೇಲೆ ಅಂಗಡಿಯವನು ಕತ್ತರಿಸಿ ತೊಳೆದು ಕೊಟ್ಟ ತುಂಡುಗಳ ಪರಿಚಯ ಬಿಟ್ಟರೆ ಇಡೀ ಮೀನಿನ ಮುಖ ನೋಡಿದ್ದೇ ಕಡಿಮೆ. ಆದರೆ ಆ ಪ್ರಶ್ನೆಗೆ ಉತ್ತರ ಮಾತ್ರ ನನಗೆ ಚೆನ್ನಾಗಿ ಗೊತ್ತು. ಅದನ್ನು ಕಲಿತದ್ದು ಪುಸ್ತಕದಿಂದಲ್ಲ, ನಮ್ಮ ತಿಮ್ಮಣ್ಣ ಭಾವನ ಬಲಗೈಯಿಂದ.

ತಿಮ್ಮಣ್ಣ ಭಾವ ಎಂದರೆ ನಮ್ಮ ರತ್ನಕ್ಕನ ಗಂಡ. ಹೊಸದುರ್ಗದ ಕಡೆ ಶ್ರೀರಾಂಪುರದವರು, ಕುರಿ ಸಾಕಿದ ಮನೆತನ. ಒಳ್ಳೆಯ ಆಳು, ಒಳ್ಳೆಯ ದುಡಿಮೆಗಾರ. ಒಂದೇ ಐಬು, ಬಾಯಿ ಬಿಡುತ್ತಿರಲಿಲ್ಲ. ನೀವು "ಊಟ ಆಯ್ತಾ" ಎಂದರೂ "ಹೂಂ", "ಮಳೆ ಬಂತಾ" ಎಂದರೂ "ಹೂಂ". ಬರದಿದ್ದರೂ "ಹೂಂ" ಎನ್ನುತ್ತಿದ್ದರೇನೋ. ನಮ್ಮ ಅಕ್ಕನೋ, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರ ಮನೆಯ ವಿಚಾರವನ್ನೆಲ್ಲ ಹಿರಿಯೂರು ತಲುಪುವುದರೊಳಗೆ ತಿಳಿದುಕೊಂಡು, ತನ್ನದನ್ನೂ ಹೇಳಿ, ಇಳಿಯುವಾಗ ಅವರ ಮಗಳಿಗೆ ಗಂಡು ತೋರಿಸುವ ಭರವಸೆ ಕೊಡುವ ಪೈಕಿ. ಇಂಥವಳನ್ನು ಅಂಥವರಿಗೆ ಕೊಟ್ಟದ್ದು ನಮ್ಮಪ್ಪ. "ಮಾತು ಕಮ್ಮಿ ಇದ್ರೆ ಜಗಳ ಕಮ್ಮಿ" ಎಂಬುದು ಆಗ ಅಪ್ಪ ಹೇಳಿದ್ದ ಮಾತು.

ಮದುವೆಯಾಗಿ ವರ್ಷ ತುಂಬುವ ಮೊದಲೇ ಅಕ್ಕ ಬಟ್ಟೆಯ ಗಂಟಿನೊಂದಿಗೆ ಆದಿವಾಲದ ನಮ್ಮಪ್ಪನ ಮನೆಗೆ ಬಂದುಬಿಟ್ಟಳು. ಹೊಡೆದರೇ? ಇಲ್ಲ. ಕುಡಿಯುತ್ತಾರೆಯೇ? ಇಲ್ಲ. ಅವ್ವ ಕೇಳಿ ಕೇಳಿ ಸುಸ್ತಾದ ಮೇಲೆ ಅಕ್ಕ ಗೋಡೆ ಕಡೆ ತಿರುಗಿ ಹೇಳಿದಳು.

"ಕುರಿ ಹತ್ರ ಮಾತಾಡ್ತಾರೆ ಅವ್ವ. ಅಡವೀಲಿ ಮರದ ಕೆಳಗೆ ಕುಂತು ಕುರಿ ಜತೆ ಗಂಟೆಗಟ್ಟಲೆ ಮಾತಾಡ್ತಾರೆ ಅಂತ ಪಕ್ಕದ ಮನೆಯವ್ರು ನಕ್ಕಂಡು ಹೇಳಿದ್ರು. ಮನೆಗೆ ಬಂದ್ರೆ ನನ್ನ ಹತ್ರ ಹೂಂ. ನಾನು ಕುರಿಗಿಂತ ಕಡೆನಾ?"

ಕಾಲೇಜಿಗೆ ಹೋಗುತ್ತಿದ್ದ ನನಗೆ ನಗು ಬಂದಿತ್ತು. ಅಕ್ಕನ ಮುಖ ನೋಡಿ ನುಂಗಿಕೊಂಡೆ. ಅವಳು ನಿಜವಾಗಿಯೂ ಹೋಗುವುದಿಲ್ಲ ಎಂದು ತೀರ್ಮಾನಿಸಿದ್ದಳು. ಹೊಲಿಗೆ ಕಲಿಯುತ್ತೇನೆ, ಇಲ್ಲೇ ಇರುತ್ತೇನೆ ಎಂದು ಹಠ ಹಿಡಿದಿದ್ದಳು.

ಕೆಲವು ದಿನಕ್ಕೆ ಭಾವ ಬಂದರು. ಅಪ್ಪ "ಬರ್ರಿ ಅಳಿಯಂದ್ರೆ, ಕುಂತ್ಕಳ್ರಿ" ಎಂದರು. ಭಾವ ಕುಂತರು. ಅಕ್ಕ ಒಳಕೋಣೆಯಿಂದ ಹೊರಗೆ ಬರಲಿಲ್ಲ. ಮಧ್ಯಾಹ್ನದವರೆಗೂ ಭಾವ ಆ ಕೋಣೆಯ ಬಾಗಿಲನ್ನು ನೋಡುವುದು, ಅಪ್ಪ ಭಾವನನ್ನು ನೋಡುವುದು, ಗಡಿಯಾರ ಇಬ್ಬರನ್ನೂ ನೋಡುವುದು, ಇಷ್ಟೇ ನಡೆಯಿತು. ಕೊನೆಗೆ ಅಪ್ಪನಿಗೆ ತಡೆಯಲಾಗಲಿಲ್ಲ. "ಏಳ್ರಿ, ನಾಲೆ ಕಡೆ ಹೋಗಾಣ. ನೀರು ನಿಲ್ಸವ್ರೆ, ಗುಂಡಿಯಾಗೆ ಮೀನು ಸಿಕ್ಕಾವೆ" ಎಂದರು. ಮಾರಿಕಣಿವೆ ಅಣೆಕಟ್ಟಿನ ನೀರು ನಿಲ್ಲಿಸಿದಾಗ ನಾಲೆಯ ತಗ್ಗುಗಳಲ್ಲಿ ಕೆಸರೂ ಮೀನೂ ಒಟ್ಟಿಗೆ ಉಳಿಯುತ್ತಿದ್ದವು. ಹಿಡಿದ ಮೀನು ಹಾಕಿಕೊಳ್ಳಲು ಬಕೆಟ್ಟು ಹೊತ್ತುಕೊಂಡು ನಾನೂ ಹಿಂದೆ ಹೋದೆ.

ಗುಂಡಿಯಲ್ಲಿದ್ದದ್ದು ಚೇಳುಮೀನು. ಮುರುಗೋಡಿನ ಹತ್ತಿರದ ನೆಂಟ, ಅದಕ್ಕಿಂತ ಸಣಕಲು, ಅದಕ್ಕಿಂತ ಸಿಟ್ಟಿನದು. ಅಪ್ಪ ಒದ್ದೆ ಗೋಣಿಚೀಲ ಕೊಟ್ಟು, "ಬರಿಗೈ ಹಾಕಬ್ಯಾಡ್ರಿ. ಮೊದ್ಲು ಚೀಲ ಮುಚ್ಚಿ, ಆಮ್ಯಾಕೆ ಹಿಡೀರಿ" ಎಂದರು.

ಭಾವ "ಹೂಂ" ಎಂದರು. ಎಂದು, ಚೀಲವನ್ನು ಬದುವಿನ ಮೇಲಿಟ್ಟರು. ಮಾವನ ಮುಂದೆ ಗೋಣಿಯ ಹಿಂದೆ ಅಡಗುವ ಅಳಿಯ ಯಾರಿದ್ದಾನೆ ಹೇಳಿ? ಹುಟ್ಟಿದಾಗಿನಿಂದ ಕುರಿಮರಿ ಹಿಡಿದ ಕೈ ಅದು. ಮರಿಯನ್ನು ಎತ್ತುವ ಹಾಗೆಯೇ ಮೀನಿನ ಕುತ್ತಿಗೆಯ ಕೆಳಗೆ ಕೈ ಹಾಕಿ, ಮುಂಗಾಲು ಇರಬೇಕಾದ ಕಡೆ ಬೆರಳು ಮಡಿಸಿ, ಎತ್ತಿದರು. ಚೇಳುಮೀನಿಗೆ ಮುಂಗಾಲಿಲ್ಲ. ಆ ಜಾಗದಲ್ಲಿ ಈಜುರೆಕ್ಕೆಯ ಜತೆಗೆ ಎರಡೂ ಪಕ್ಕಕ್ಕೆ ಒಂದೊಂದು ಮುಳ್ಳಿರುತ್ತದೆ. ಹೆದರಿದಾಗ ಅದು ಆ ಮುಳ್ಳುಗಳನ್ನು ಸೆಟೆದು ನಿಲ್ಲಿಸುತ್ತದೆ.

"ಅಯ್ಯಯ್ಯೋ! ಸತ್ನೆಪ್ಪೋ!"

ಭಾವನ ಬಾಯಿಂದ ನಾವು ಕೇಳಿದ ಮೊದಲ ಉದ್ದನೆಯ ಮಾತು ಅದು. ಮೀನು ಗುಂಡಿಗೆ ಬಿತ್ತು. ಭಾವ ಬದುವಿನ ಮೇಲೆ ಕುಸಿದರು. ಉರಿ ಅಂಗೈಯಿಂದ ಮೊಳಕೈಗೆ, ಅಲ್ಲಿಂದ ಕಂಕುಳಿಗೆ ಹತ್ತುತ್ತಿದೆ ಎಂದು ಹಲ್ಲು ಕಚ್ಚಿ ನರಳತೊಡಗಿದರು. ಅಪ್ಪನ ಧೈರ್ಯವೂ ಮೀನಿನ ಜತೆಗೇ ನೀರಿಗೆ ಬಿದ್ದಿತ್ತು. ಟವಲು ತೆಗೆದು ಭಾವನ ತೋಳಿಗೆ ಬಿಗಿದು, ಕೈ ಹಿಡಿದು ಎಳೆದುಕೊಂಡು ಬಂದರು.

ಮನೆ ಮುಂದೆ ಆಗಲೇ ಜನ. ಒಬ್ಬರು ಸುಣ್ಣ ಹಚ್ಚಿ ಎಂದರು. ಇನ್ನೊಬ್ಬರು ಬ್ಲೇಡಿನಿಂದ ಗೀರಿ ರಕ್ತ ಬಿಡಿ ಎಂದರು. ಒಬ್ಬ ಅಜ್ಜಿ ಮಂತ್ರ ಹಾಕುವವರ ವಿಳಾಸ ಹೇಳತೊಡಗಿದರು. ಅವ್ವ ಹೊರಗೆ ಬಂದವಳೇ ಮೊದಲು ಟವಲು ಬಿಚ್ಚಿದಳು.

"ಹಾವು ಕಚ್ಚಿದಂಗೆ ಆಡಬ್ಯಾಡ್ರಿ, ಹಾವಿಗೂ ಹಿಂಗೆ ಬಿಗಿಯಾಗಿ ಕಟ್ಟಬಾರ್ದು. ಯಾರೂ ಕುಯ್ಯಬ್ಯಾಡ್ರಿ. ಇದ್ರ ವಿಷ ಮುಳ್ಳಿನಾಗೆ ಐತೆ, ಬಿಸಿಗೆ ಇಳೀತತೆ. ಮೊದ್ಲು ಬಿಸಿನೀರು, ಆಮೇಲೆ ಆಸ್ಪತ್ರೆ. ರತ್ನಾ, ಒಲೆ ಮ್ಯಾಲಿಂದು ತಾ!"

ನರಳಾಟ ಕೇಳಿ ಅಕ್ಕ ಆಗಲೇ ಕೋಣೆಯಿಂದ ಓಡಿ ಬಂದಿದ್ದಳು. ಹಠ ಎಲ್ಲಿ ಹೋಯಿತೋ, ಬೋಗುಣಿಯಲ್ಲಿ ನೀರು ಹದ ಮಾಡಿ ತಂದಳು. ಭಾವ ಕೈ ಅದ್ದಲು ಹೋದಾಗ ಅವ್ವ ತಡೆದಳು. "ಚುಚ್ಚಿದ ಕೈಗೆ ಬಿಸಿ ಎಷ್ಟು ಅಂತ ಗೊತ್ತಾಗಲ್ಲ, ಬೊಬ್ಬೆ ಬಂದಾವು. ರತ್ನಾ, ನೀನು ನಿನ್ನ ಕೈ ಇಟ್ಟು ನೋಡು. ತಡಕಳ್ಳಂಗಿರ್ಬೇಕು, ಬೇಯಂಗಿರ್ಬಾರ್ದು. ಆರಿದಂಗೆಲ್ಲ ಬಿಸೀದು ಹುಯ್ಯಿ."

ಹೀಗೆ ಒಂದೇ ಬೋಗುಣಿಯಲ್ಲಿ ಗಂಡನ ಕೈ, ಹೆಂಡತಿಯ ಕೈ. ಅವ್ವ ಜನರನ್ನು ಕಳಿಸಿದಳು, ಅಪ್ಪ ಆಟೋ ಹುಡುಕಲು ಹೋದರು. ಚೆಂಬಿನಲ್ಲಿ ಬಿಸಿನೀರು ತಂದುಕೊಡುವ ನೆಪ ನನಗೆ ಸಿಕ್ಕಿತ್ತಾದ್ದರಿಂದ ಮುಂದಿನ ಮಾತುಗಳನ್ನು ಕದ್ದು ಕೇಳಿದೆ ಎಂದು ನೀವು ಹೇಳುವಂತಿಲ್ಲ.

ನೋವಿಗೆ ನಾಲಿಗೆ ಸಡಿಲವಾಗುತ್ತದೆಯೋ ಏನೋ. ಭಾವ ಮೊದಲು ಮೀನನ್ನು ಬೈದರು. ಆಮೇಲೆ ನಾಲೆಯನ್ನು ಬೈದರು. ಆಮೇಲೆ ಬೋಗುಣಿಯನ್ನೇ ನೋಡುತ್ತ ಹೇಳಿದರು.

"ನೀನು ಇಲ್ಲಿಗೆ ಬಂದಾಗಿಂದ ನಮ್ಮ ಮನೆಯಾಗೆ ಸದ್ದೇ ಇಲ್ಲ ರತ್ನ. ಊಟ ರುಚಿಸ್ತಿಲ್ಲ."

"ನಿಮಗ್ಯಾಕೆ ನನ್ನ ಸದ್ದು? ಕುರಿ ಅವೆಯಲ್ಲ."

"ಕುರಿಗೆ ನಾನು ಹೊಸದೇನು ಹೇಳ್ತೀನಿ? ರಾತ್ರಿ ನೀನು ಹೇಳಿದ್ದನ್ನೇ ಹಗಲೊತ್ತು ಅವಕ್ಕೆ ಹೇಳ್ತಿದ್ದೆ. ನಿಮ್ಮತ್ತೆ ಬಸ್ ತಪ್ಪಿಸ್ಕಂಡಿದ್ದು, ಆ ಮೇಷ್ಟ್ರ ಕೊಡೆ ಹಾರಿದ್ದು. ಹೇಳಿ ನಗ್ತಿದ್ದೆ."

ಅಕ್ಕನ ಕೈ ನೀರಿನಲ್ಲಿ ಅಲುಗಾಡದೆ ನಿಂತಿತು. "ನನ್ನ ಮುಂದೆ ಒಂದಿನಾನಾದ್ರೂ ನಕ್ಕಿದ್ದೀರಾ?"

"ನಡುವೆ ಬಾಯಿ ಹಾಕಿದ್ರೆ ನೀನು ನಿಲ್ಲಿಸಿಬಿಟ್ಟೀಯ ಅಂತ ಸುಮ್ಕಿದ್ದೆ."

"ಅಂಗಂತ ಹೇಳಬಾರ್ದಾ?"

"ಹೇಳಿದ್ರೆ ನಡುವೆ ಬಾಯಿ ಹಾಕಿದಂಗೆ ಆಗ್ತಿತ್ತಲ್ಲ."

ಅಕ್ಕ ನಕ್ಕಳೋ ಅತ್ತಳೋ ಈಗಲೂ ನಾನು ಖಚಿತವಾಗಿ ಹೇಳಲಾರೆ. ಚೆಂಬು ಹಿಡಿದು ಎರಡನೆಯ ಸಲ ನಾನು ಹೋದಾಗ ಯಾರೂ ನನ್ನ ಕಡೆ ನೋಡಲಿಲ್ಲ. ಅವ್ವ ಬಂದು ಬೋಗುಣಿಗೆ ಬೆರಳದ್ದಿ, "ನೀರು ತಣ್ಣಗಾಗಿ ಯಾವ ಕಾಲ ಆಯ್ತು! ಉರಿ ಕಮ್ಮಿ ಆಯ್ತೇನಪ್ಪ?" ಎಂದಾಗಲೇ ಇಬ್ಬರೂ ತಲೆ ಎತ್ತಿದ್ದು.

ಹಿರಿಯೂರಿನ ಆಸ್ಪತ್ರೆಯಲ್ಲಿ ಗಾಯದೊಳಗೆ ಮುರಿದು ಉಳಿದಿದ್ದ ಮುಳ್ಳಿನ ತುದಿಯನ್ನು ತೆಗೆದು, ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟರು. ಬಿಸಿನೀರು ಹಾಕಿದ್ದು ಒಳ್ಳೆಯದೇ ಆಯಿತು ಎಂದರು; ಬಾವು ಏರಿದರೆ, ಉಸಿರು ಕಟ್ಟಿದಂತಾದರೆ ತಕ್ಷಣ ಬನ್ನಿ ಎಂದೂ ಎಚ್ಚರಿಸಿದರು. ಹಾಗೇನೂ ಆಗಲಿಲ್ಲ. ಕೈಯ ಊತ ಇಳಿಯುವವರೆಗೆ ಭಾವ ನಮ್ಮಲ್ಲೇ ಉಳಿದರು. ಹೋಗುವಾಗ ಅಕ್ಕ ತಾನೇ ಗಂಟು ಕಟ್ಟಿ ಬಸ್ಸು ಹತ್ತಿದಳು. ಅಪ್ಪ ಮಾತ್ರ ಮಾತು ಕಮ್ಮಿ, ಜಗಳ ಕಮ್ಮಿ ಎಂಬ ಗಾದೆಯನ್ನು ಮತ್ತೆ ಎತ್ತಲಿಲ್ಲ. ನನ್ನ ಮದುವೆಯ ಹೊತ್ತಿಗೆ ಹೆಣ್ಣು ನೋಡಲು ಬಂದ ಗಂಡುಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಅರ್ಧರ್ಧ ಗಂಟೆ ಮಾತಾಡಿಸಿದರು.

ಇಷ್ಟನ್ನೂ ಯಜಮಾನರಿಗೆ ಹೇಳಿದ ಮೇಲೂ, ಜೀವಂತ ಮುರುಗೋಡನ್ನು ಹಿಡಿದು ಹಸನು ಮಾಡುವುದು ಹೇಗೆಂದು ಮಾತ್ರ ತಿಳಿಯದೆ ಅಕ್ಕನಿಗೆ ಫೋನು ಹಚ್ಚಿದೆ. ಎತ್ತಿದ್ದು ಭಾವ.

"ಮುರುಗೋಡಾ? ತಿನ್ನಾಕೆ ಏನೂ ವಿಷ ಇಲ್ಲಮ್ಮ, ಚೆನ್ನಾಗಿ ಬೇಯ್ಸಿದ್ರೆ ಆಯ್ತು. ಮೀಸೆಯಿಂದಾನೂ ಏನಾಗಲ್ಲ, ಅದು ಕೆಸರಾಗೆ ತಡಕಾಡಾಕೆ. ಪಕ್ಕದ ಮುಳ್ಳು ನೋಡ್ಕ. ಕೆಲವು ಮೀನಿಗೆ ಬೆನ್ನ ಮ್ಯಾಲೂ ಇರ್ತತೆ. ಚಿಕ್ಕದು ಅಂತ ಸಸಾರ ಮಾಡಬ್ಯಾಡ, ಚಿಕ್ಕದ್ರ ಮುಳ್ಳೇ ಚೂಪು. ಸತ್ತಿದ್ರೂ ಮುಳ್ಳು ಮುಳ್ಳೇ. ದಪ್ಪನೆ ಬಟ್ಟೆ ಒದ್ದೆ ಮಾಡಿ ಮುಚ್ಚಿ, ತಲೆಗೆ ಒಂದೇಟು ಹಾಕಿ, ಇಕ್ಕಳದಾಗೆ ಮೊದ್ಲು ಮುಳ್ಳು ಮುರೀರಿ..."

ಭಾವ ಅಲ್ಲಿಗೆ ನಿಲ್ಲಿಸಲಿಲ್ಲ. ಶ್ರೀರಾಂಪುರದ ಕೆರೆ, ಈ ಸಲದ ಮರಿಗಳು, ಪಕ್ಕದ ಹೊಲದವರ ಹೊಸ ಬೈಕು, ಎಲ್ಲ ಬಂತು. ಫೋನು ಕಿವಿಗೆ ಬಿಸಿಯಾಯಿತು. ಹಿಂದಿನಿಂದ ಅಕ್ಕನ ದನಿ ಕೇಳಿಸಿತು: "ಸಾಕು ಕೊಡ್ರಿ ಇತ್ಲಾಗೆ, ಅವ್ಳಿಗೆ ಅಡಿಗೆ ಮಾಡಾಕೆ ಬಿಡ್ರಿ!"

ಫೋನಿಟ್ಟು ತಿರುಗಿ ನೋಡಿದರೆ ಬಾಗಿಲಲ್ಲಿ ಯಜಮಾನರಿರಲಿಲ್ಲ. ಓಡಿಹೋದರು ಎಂದುಕೊಂಡೆ. ಆದರೆ ಫೋನಿನಿಂದ ಹೊರಗೂ ಕೇಳಿಸುತ್ತಿದ್ದ ಭಾವನ ಮಾತು ಹಿಡಿದು, ಬಚ್ಚಲಿನಿಂದ ದಪ್ಪ ಟವಲೊಂದನ್ನು ಒದ್ದೆ ಮಾಡಿಕೊಂಡು, ಮನೆಯ ಇಕ್ಕಳವನ್ನೂ ಹುಡುಕಿ ತಂದಿದ್ದರು. ಕಟ್ಟೆಯ ಬಳಿ ಬಂದು ನಿಂತರು.

"ನಾನು ಹಿಡೀತೀನಿ," ಎಂದರು. "ಎಲ್ಲಿ ಹಿಡೀಬೇಕು ಅಂತ ನೀನು ಪಕ್ಕದಲ್ಲಿ ನಿಂತು ಹೇಳ್ತಾ ಇರು. ನಿಲ್ಲಿಸಬ್ಯಾಡ."

ನಾನು ಚೀಲದ ಬಾಯಿ ಮತ್ತೆ ಬಿಚ್ಚಿದೆ.