ಒಂದನೇ ನಂಬರಿನ ಅಂಗಳ

ಕಳೆದ ತಿಂಗಳು ವಂಡ್ಸೆಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನವರ ಚೀಲದಿಂದ ಒಣಮೀನಿನ ವಾಸನೆ ಬಂತು. ಬ್ರಹ್ಮಾವರದ ನಮ್ಮ ಮನೆಗೆ ನನ್ನ ಬಾಲ್ಯದುದ್ದಕ್ಕೂ ಆ ವಾಸನೆಯನ್ನು ಬುಟ್ಟಿಯಲ್ಲಿ ಹೊತ್ತು ತರುತ್ತಿದ್ದವರು ನೆನಪಾದರು. ಗಂಗೊಳ್ಳಿಯವರು. ನಾವು ಅವರನ್ನು ಒಣಮೀನಿನಮ್ಮ ಎನ್ನುತ್ತಿದ್ದೆವು.

ಸಂಶೋಧನೆಗೆ ಸೇರಿದಾಗ ನಾನು ಆರಿಸಿಕೊಂಡ ವಿಷಯ ಒಣಮೀನಿನಲ್ಲಿರುವ ಸೂಕ್ಷ್ಮಾಣುಗಳು. ಯಾರ ಮೀನಿನಲ್ಲಿ ಯಾವ ಬಗೆಯ ಬ್ಯಾಕ್ಟೀರಿಯಾದ ಪಾಲು ಎಷ್ಟು ಎಂದು ಕಂಡುಹಿಡಿಯುವ ಕೆಲಸ. ಗಂಗೊಳ್ಳಿಯಲ್ಲಿ ಮೀನು ಒಣಗಿಸುವ ಆರು ಅಂಗಳಗಳ ಹೆಂಗಸರನ್ನು ಒಪ್ಪಿಸಿಕೊಟ್ಟವರು ಒಣಮೀನಿನಮ್ಮನೇ. ಹಾಗಾಗಿ ಬೆಳಿಗ್ಗೆ ಮೊದಲು ಅವರಲ್ಲಿಗೆ ಹೋಗುತ್ತಿದ್ದೆ.

"ಬಂದ್ಯಾ ಮಗಾ? ಮೊದ್ಲ್ ಚಾ ಕುಡಿ. ಮೀನ್ ಎಲ್ಲಿಗೂ ಈಸ್ಕಂಡ್ ಹೋತಿಲ್ಲ."

ಅವರ ಮೀನಿನ ತುಂಡು ಮೊದಲು ನನ್ನ ಐಸ್ ಪೆಟ್ಟಿಗೆ ಸೇರುತ್ತಿತ್ತು. ಉಳಿದ ಐದು ಅಂಗಳ ಸುತ್ತಿ, ಬಸ್ಸು ಹಿಡಿದು, ಪ್ರಯೋಗಾಲಯದ ಫ್ರೀಜರ್ ಮುಟ್ಟುವಾಗ ಸಂಜೆ. ಹೆಸರು ಹೊರಬೀಳಬಾರದೆಂದು ಅಂಗಳಗಳಿಗೆ ನಂಬರ್ ಕೊಟ್ಟಿದ್ದೆ... ಹೋಗುವ ಕ್ರಮದಲ್ಲೇ.

ಫಲಿತಾಂಶ ಬಂದಾಗ ಒಂದನೇ ಅಂಗಳದ ಮೀನಿನಲ್ಲಿ ಕೆಡಿಸುವ ಬ್ಯಾಕ್ಟೀರಿಯಾದ ಪಾಲು ಎದ್ದು ಕಂಡಿತು. ಮೀನಿನ ಜಾತಿ, ಉಪ್ಪು, ಒಣಗಿಸಿದ ದಿನಗಳು, ಇವುಗಳಿಂದ ಬರುವ ವ್ಯತ್ಯಾಸವನ್ನೆಲ್ಲ ಕಳೆದು ನೋಡಿದೆ. ಆದರೂ ಹಾಗೇ ಇತ್ತು. ಖಾತ್ರಿಯಾಯಿತು ಅಂದುಕೊಂಡೆ.

ಮೀನು ಒಣಗಿಸುವ ಹೆಂಗಸರ ಸಂಘದ ಸಭೆಯಲ್ಲಿ ಅದನ್ನು ಓದಿದೆ. ಹಿಂದಿನಿಂದ ಒಬ್ಬರು ಕೂಗಿದರು: "ಹ್ವಾಯ್, ಒಂದ್ನೇ ನಂಬ್ರ ಯಾರ್ದಂದ್ ಕೇಣ್ಕಾ? ದಿನಾ ಚಾ ಕೊಟ್ಟ್ ಕೂರ್ಸ್ಕಂಡವ್ರದ್ದೇ ಅಲ್ದಾ!"

ಎಲ್ಲರೂ ನಕ್ಕರು. ಒಣಮೀನಿನಮ್ಮನೂ ನಕ್ಕರು, ಸ್ವಲ್ಪ ತಡವಾಗಿ. ಸಭೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ನನ್ನ ಕೈ ಹಿಡಿದರು.

"ಎಂತ ತಪ್ಪಾಯ್ತ್ ಮಗಾ? ಉಪ್ಪ್ ಕಮ್ಮಿ ಆಯ್ತಾ?"

"ಮೀನು ಮುಟ್ಟುವ ಮೊದಲು ಕೈ ಚೆನ್ನಾಗಿ ತೊಳೆದುಕೊಳ್ಳಿ" ಎಂದೆ. ನಾನು ಹುಟ್ಟುವ ಮೊದಲಿನಿಂದ ಮೀನು ಒಣಗಿಸಿದ ಕೈಗಳಿಗೆ ನಾನು ಹೇಳಿದ ಮಾತು ಅದು.

ಕೊಕ್ಕರ್ಣೆ, ವಂಡ್ಸೆ ಕಡೆಗೆ ಒಯ್ಯುವ ವ್ಯಾಪಾರಿಗಳು ಪಕ್ಕದ ಅಂಗಳದಲ್ಲೇ ಚೀಲ ತುಂಬಿಸಿಕೊಳ್ಳತೊಡಗಿದರು. ಮುಂದಿನ ಮಳೆಗಾಲ ಕಳೆದ ಮೇಲೆ ಅವರ ಅಂಗಳದಲ್ಲಿ ಮೀನು ಹರಡಿದ್ದು ಕಾಣಲಿಲ್ಲ.

ಪ್ರಬಂಧ ಬರೆಯುವಾಗ ನನ್ನ ಮಾರ್ಗದರ್ಶಕರು ಒಂದು ಪ್ರಶ್ನೆ ಕೇಳಿದರು: ಫ್ರೀಜರ್ ಸೇರುವ ಮೊದಲು ಯಾವ ತುಂಡು ಪೆಟ್ಟಿಗೆಯಲ್ಲಿ ಎಷ್ಟು ಹೊತ್ತು ಇತ್ತು? ಪ್ರತಿ ತುಂಡಿನ ಚೀಟಿಯ ಮೇಲೂ ಅದನ್ನು ತೆಗೆದುಕೊಂಡ ಗಂಟೆ ಬರೆದಿದ್ದೆ. ಲೆಕ್ಕಕ್ಕೆ ಮಾತ್ರ ತೆಗೆದುಕೊಂಡಿರಲಿಲ್ಲ. ಐಸ್ ಕರಗುವ ಪೆಟ್ಟಿಗೆಯಲ್ಲಿ ಅತಿ ಹೆಚ್ಚು ಹೊತ್ತು ಕೂತದ್ದು ಅವರ ಮೀನು. ಬಸ್ಸು ತಪ್ಪಿ ಇನ್ನೊಂದು ತುದಿಯಿಂದ ಶುರು ಮಾಡಿದ ಕೆಲವು ದಿನಗಳಲ್ಲಿ ಅದು ಎಲ್ಲರ ಮೀನಿನಷ್ಟೇ ಚೆನ್ನಾಗಿತ್ತು. ಆ ಹೊತ್ತನ್ನೂ ಸೇರಿಸಿ ಮತ್ತೆ ಲೆಕ್ಕ ಹಾಕಿದೆ. ಅಂಗಳಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಉಳಿಯಲಿಲ್ಲ. ಕೆಡಿಸಿದ್ದು ನನ್ನ ಪೆಟ್ಟಿಗೆ.

ಗಂಗೊಳ್ಳಿಗೆ ಹೋಗಿ, ಒಣಮೀನಿನಮ್ಮನ ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು.

"ಅವತ್ತ್ ಎಲ್ರ ಎದ್ರಿಗ್ ಹೇಳ್ದೆ. ಇವತ್ತ್ ನಂಗೊಬ್ಳಿಗೆ ಹೇಳ್ತ್ಯಾ ಮಗಾ?"

ಮುಂದಿನ ಸಭೆಗೆ ಬಂದು ಹೇಳುತ್ತೇನೆ ಎಂದೆ. ಆ ತಿಂಗಳು ಮೌಖಿಕ ಪರೀಕ್ಷೆ ಇತ್ತು. ಆಮೇಲೆ ಕೆಲಸ ಸಿಕ್ಕಿತು. ಆಮೇಲೆ... ಕಾರಣಗಳು ಇದ್ದವು. ಪ್ರಬಂಧದ ಕೋಷ್ಟಕವನ್ನು ತಿದ್ದಿ ಸಮಾಧಾನ ಪಟ್ಟುಕೊಂಡೆ. ಅದನ್ನು ಗಂಗೊಳ್ಳಿಯಲ್ಲಿ ಯಾರೂ ಓದುವುದಿಲ್ಲ ಎಂದು ನನಗೆ ಗೊತ್ತಿತ್ತು. ಎರಡು ವರ್ಷ ಕಳೆದ ಮೇಲೆ, ಒಣಮೀನಿನಮ್ಮ ತೀರಿಕೊಂಡರೆಂದು ಅಮ್ಮ ಫೋನಿನಲ್ಲಿ ಹೇಳಿದರು.

ಕಳೆದ ತಿಂಗಳು ಆ ವಂಡ್ಸೆ ಬಸ್ಸಿಳಿದು ವಾರ ಕಳೆಯುವ ಮೊದಲು ಸಂಘದ ಸಭೆಗೆ ಹೋದೆ. ಎದ್ದು ನಿಂತು, ತಪ್ಪು ನನ್ನದೆಂದೂ ಒಣಮೀನಿನಮ್ಮನ ಮೀನು ಚೆನ್ನಾಗಿತ್ತೆಂದೂ ಹೇಳಿದೆ. ಯಾರೂ ನಗಲಿಲ್ಲ. ಅಂದು ಹಿಂದಿನಿಂದ ಕೂಗಿದವರೇ ಕೇಳಿದರು: "ಇದ್ ಅವ್ರಿಗ್ ಗೊತ್ತಿತ್ತಾ?"

"ಗೊತ್ತಿತ್ತು. ನಾನೇ ಹೇಳಿದ್ದೆ."

"ಮತ್ತೆಂತಕ್ ನಮ್ಮತ್ರ ಒಂದ್ ಮಾತೂ ಹೇಳ್ಲಿಲ್ಲ ಅವ್ರ್?"

ನಾನು ಬಂದು ಹೇಳುತ್ತೇನೆ ಎಂದಿದ್ದೆನಲ್ಲ... ಅವರು ಅದನ್ನು ನಂಬಿ ಸುಮ್ಮನಿದ್ದರು.