ಪ್ಲಾಸ್ಟಿಕ್ ತೆಗೆಯದ ಯಂತ್ರ

“ಯುರೋಪಿನ್ಯಾಗ ರಿಸರ್ಚಿಗೆ ರೊಕ್ಕದ ಚಿಂತಿನ ಇಲ್ಲ ಕಾಕಾ, ಇಷ್ಟು ಖರ್ಚು ಮಾಡ್ಬೇಕಂತ ಎಲ್ಲಾ ದೇಶಕ್ಕೂ ಟಾರ್ಗೆಟ್ ಅದ.” ಪರದೇಶದ ಭಾರತೀಯ ಪೇಟೆ ಜೆರಾರ್ಡ್ ಬಜಾರಿನ ದೋಸೆ ಅಂಗಡಿಯಲ್ಲಿ ಅಣ್ಣನ ಮಗ ಮತ್ತೆ ಅದನ್ನೇ ಹೇಳಿದ. ಪಕ್ಕದಲ್ಲೇ ಕೂತಿದ್ದ ಅವನ ಮಗಳು ಯುರೋಪಿನ ಪಿಎಚ್‌ಡಿ ಸೀಟಿಗೆ ನಾಳೆ ಒಪ್ಪಿಗೆ ಕೊಡಬೇಕು. ಗುರಿಯನ್ನೇ ಖರ್ಚೆಂದು ನಂಬುವವರೊಡನೆ ವಾದಿಸಿ ನನಗೆ ಸಾಕಾಗಿದೆ.

ಅಂಗಡಿಯ ಒಡತಿ, ಬೆಳಗಾವಿಯ ಶೈಲಾ, ಹಿಂದೆ ಯುರೋಪಿನಲ್ಲಿಯೇ ಸಂಶೋಧಕಿಯಾಗಿದ್ದವರು. ಚಟ್ನಿ ಬಡಿಸುತ್ತಲೇ ಹೇಳಿದರು: “ಟಾರ್ಗೆಟ್ ಮುಟ್ಟಾಕಂತ ಹೊಸ ಮಷೀನ್ ತಂದ್ರು ಅಜ್ಜಾರ. ಅದನ್ನ ನಡಸಾಕಿ ನಾನು, ರೊಕ್ಕ ಇಲ್ಲಂತ ನನ್ನ ಪಗಾರನ ನಿಲ್ಲಿಸಿದ್ರು.”

ಹುಡುಗಿ ದೋಸೆ ಬಿಟ್ಟು, ತನ್ನ ಸಂಬಳದ ಭರವಸೆ ಎಷ್ಟು ವರ್ಷದ್ದೆಂದು ಫೋನಿನಲ್ಲಿ ಹುಡುಕತೊಡಗಿದಳು.

ಗಲ್ಲಾಪೆಟ್ಟಿಗೆಯ ಮೇಲೆ, ಲಕ್ಷ್ಮಿಯ ಪಟದ ಪಕ್ಕದಲ್ಲಿ, ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದ ಆ ಯಂತ್ರದ ಜೊತೆ ಶೈಲಾ ನಿಂತಿರುವ ಫೋಟೋ ಇದೆ. ದೋಸೆ ತಿನ್ನಲು ಹೋದವರು ಯಾರಾದರೂ ನೋಡಬಹುದು.