ಮುಖಕ್ಕೆ ನೀರೆರಚಿಸಿಕೊಳ್ಳುವ ಚಿಕ್ಕಮ್ಮ

ಬೆಳಕು ಹರಿಯುವ ಹೊತ್ತಿಗೆ ಪ್ರಾಣಿಸಂಗ್ರಹಾಲಯದ ಕತ್ತಲ ಕೋಣೆಯಲ್ಲಿ, ಅಲ್ಲಿನ ಪ್ರಾಣಿಗಳನ್ನು ನೋಡಿಕೊಳ್ಳುವ ನಮ್ಮ ಚಿಕ್ಕಮ್ಮ ಮಳೆ ಅಂಗಿ ತೊಟ್ಟು ನಿಂತಿದ್ದಾರೆ. ಸೂರೇನೂ ಸೋರುತ್ತಿಲ್ಲ. ಎಡಗಡೆಯ ಗಾಜಿನ ತೊಟ್ಟಿಯಲ್ಲಿರುವ ಆಕ್ಟೋಪಸ್‌ಗೆ ಅವರನ್ನು ಕಂಡರಾಗದು. ಮುಚ್ಚಳ ತೆಗೆದರೆ ಸಾಕು, ಉಪ್ಪುನೀರನ್ನು ಮುಖಕ್ಕೇ ಎರಚುತ್ತದೆ. ವೈದ್ಯರಿಗೆ ಎರಚುವುದಿಲ್ಲ, ಸಾಹೇಬರಿಗೆ ಎರಚುವುದಿಲ್ಲ. ದಿನಾ ಹೊಟ್ಟೆಗೆ ಹಾಕುವವರಿಗೇ ಈ ಮರ್ಯಾದೆ.

ಬಲಗಡೆಯ ಪಂಜರದಲ್ಲಿ ಕಣಜ ಗೂಬೆ. ಎರಡೂ ರಾತ್ರಿ ಎಚ್ಚರವಿರುವ ಜೀವಿಗಳೆಂದು ಒಂದೇ ಕೋಣೆಗೆ ದಬ್ಬಿದ್ದಾರೆ; ಬೇರೆ ನಂಟೇನೂ ಇಲ್ಲ. ಒಂದಕ್ಕೆ ಮೈಯಲ್ಲಿ ಮೂಳೆಯೇ ಇಲ್ಲ. ಇನ್ನೊಂದು ಇಲಿಯನ್ನು ಇಡಿಯಾಗಿ ನುಂಗಿ, ಮೂಳೆ-ಕೂದಲನ್ನು ಉಂಡೆ ಕಟ್ಟಿ ಉಗುಳುತ್ತದೆ. ಆಕ್ಟೋಪಸ್ ಏಡಿ ತಿಂದು ಚಿಪ್ಪನ್ನು ಗೂಡಿನ ಬಾಗಿಲಿಗೆ ಎಸೆಯುತ್ತದೆ. ಎರಡರ ಎಂಜಲನ್ನೂ ಬಳಿಯುವ ಕೈ ಒಂದೇ. ಗಾಜು ಕುಟ್ಟಿ ಹಲ್ಲು ಕಿರಿದು ಹೋಗುವ ಜನಕ್ಕೆ ಆ ಕೈ ಎಂದೂ ಕಂಡಿಲ್ಲ.

ಚಿಕ್ಕಮ್ಮನ ಹೋಲಿಕೆಯೇ ಬೇರೆ. "ಗೂಬೆ ನಮ್ಮ ಯಜಮಾನ್ರ ಥರ. ಕೂತಲ್ಲೇ ಕತ್ತು ತಿರುಗಿಸೋದು, ಏಳೋ ಮಾತಿಲ್ಲ. ಇದು ನಮ್ಮ ನಾದಿನಿ. ಎಂಟು ಕೈ, ಅಡುಗೆಮನೆ ಡಬ್ಬಕ್ಕೊಂದೊಂದು." ಈ ಮಾತು ಕಿವಿಗೆ ಬಿದ್ದಾಗ ಟೈಲರ್ ಯಜಮಾನರು ಮಿಷನ್ ಮುಂದೆ ಕೂತಲ್ಲಿಂದಲೇ ಕತ್ತು ತಿರುಗಿಸಿದರಂತೆ.

ಚಳಿಗಾಲದಲ್ಲೂ ಒದ್ದೆ ಬಟ್ಟೆ. ಮುಂಗೈ ತುಂಬ ಗೂಬೆ ಪರಚಿದ ಗೀರು. ಬಸ್ಸಿನಲ್ಲಿ ಪಕ್ಕ ಕೂತವರು ಮೀನಿನ ನಾತವೆಂದು ಎದ್ದು ಹೋಗುತ್ತಾರೆ. "ಹೋಗ್ಲಿ ಬಿಡಿ, ಕಾಲು ಚಾಚ್ಕೊಂಡು ಕೂರ್ಬಹುದು." ಸಾಲದ್ದಕ್ಕೆ ಗೇಟಿನ ಕಾವಲುಗಾರ ದಿನಾ ಒದ್ದೆ ಮೈ ನೋಡಿ ಸ್ನಾನ ಆಯಿತೇ ಎಂದು ಕೆಣಕುತ್ತಾನೆ.

ಈ ವಾರ ಅವನೂ ಕೆಣಕಿಲ್ಲ. ಆಕ್ಟೋಪಸ್ ಏಡಿ ಮುಟ್ಟಿಲ್ಲ, ನೀರೂ ಎರಚಿಲ್ಲ. ಗೂಬೆ ವರ್ಷಗಟ್ಟಲೆ ಬಾಳುತ್ತದೆ, ಇದರ ಆಯುಸ್ಸೇ ಕಡಿಮೆ, ಆಸೆ ಇಟ್ಟುಕೊಳ್ಳಬೇಡಿ ಎಂದು ವೈದ್ಯರು ಹೇಳಿ ಕೈತೊಳೆದುಕೊಂಡಿದ್ದಾರೆ. ಚಿಕ್ಕಮ್ಮ ಇವತ್ತು ಮಳೆ ಅಂಗಿ ಬಿಚ್ಚಿ ಗೂಟಕ್ಕೆ ತಗುಲಿಹಾಕುತ್ತಾರೆ. ಮುಚ್ಚಳ ತೆಗೆದು, ಏಡಿಯೊಂದನ್ನು ಇಳಿಬಿಟ್ಟು, ತೊಟ್ಟಿಯ ಮೇಲೆ ಮುಖವೊಡ್ಡಿ ನಿಲ್ಲುತ್ತಾರೆ. ಕಲ್ಲಿನ ಸಂದಿಯಿಂದ ಒಂದು ಕಣ್ಣು ನೋಡುತ್ತದೆ.

"ಏನೇ, ನನ್ನ ಮೇಲಿನ ಸಿಟ್ಟೂ ತೀರಿಹೋಯ್ತಾ?"

ನೀರು ನೇರ ಮೂಗಿಗೆ ಬಡಿಯುತ್ತದೆ. ಹಿಂದೆಯೇ ಒಂದು ತೋಳು ಮೆಲ್ಲಗೆ ಚಾಚಿ ಏಡಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಗೂಬೆ ಕತ್ತು ತಿರುಗಿಸಿ ನೋಡಿ, ಇದು ತನಗೆ ಸಂಬಂಧಿಸಿದ್ದಲ್ಲವೆಂದು ಕಣ್ಣು ಮುಚ್ಚುತ್ತದೆ.

ಚಿಕ್ಕಮ್ಮ ಮುಖ ಒರೆಸಿಕೊಳ್ಳುವುದಿಲ್ಲ. ಗೇಟಿನಲ್ಲಿ ಕೆಲಸವೇನೂ ಇಲ್ಲದಿದ್ದರೂ ನೀರು ತೊಟ್ಟಿಕ್ಕಿಸುತ್ತ ಅಲ್ಲಿಯವರೆಗೆ ನಡೆದು ಹೋಗುತ್ತಾರೆ. ಕಾವಲುಗಾರ ತಲೆಯೆತ್ತುವ ಮೊದಲೇ ಹೇಳುತ್ತಾರೆ:

"ಸ್ನಾನ ಆಯ್ತಪ್ಪ."